ಕೈಗಳ ಮೇಲೆ ಕೂರುತ್ತಿದ್ದ ಕಾಕಾ

ಅವರು ಕುರ್ಚಿಯಿಂದ ಏಳುವಾಗ ಎರಡೂ ಅಂಗೈಗಳಲ್ಲಿ ವಯರಿನ ಹೆಣಿಗೆಯ ಅಚ್ಚು ಕೆಂಪಗೆ ಮೂಡಿರುತ್ತಿತ್ತು. ಚೌಕ ಚೌಕವಾಗಿ, ಗಣಿತದ ಪುಸ್ತಕದ ಗೆರೆಹಾಳೆಯ ಹಾಗೆ. ಎದ್ದ ಕೂಡಲೇ ಕೈಗಳನ್ನು ಜುಬ್ಬದ ಜೇಬಿಗೆ ಇಳಿಸಿಬಿಡುತ್ತಿದ್ದರು, ಹಾಗಾಗಿ ಆ ಅಚ್ಚು ಕಾಣುತ್ತಿದ್ದದ್ದು ಒಂದು ಗಳಿಗೆ ಮಾತ್ರ. ನಮ್ಮ ಮನೆಗೆ ಬಂದಾಗಲೆಲ್ಲ ಅವರು ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ತಾವು ಪಕ್ಕದಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದರು. ತಮ್ಮ ಕೈಗಳ ಮೇಲೆ ತಾವೇ.

"ಕೈ ನಿಂದು, ಬಾಯಿ ನಂದು. ನಾನು ಮುಟ್ಟುದಿಲ್ಲ. ಒಪ್ಪಿಗೆ ಉಂಟಾ?" ಎಂದು ಮೊದಲ ದಿನವೇ ಕೇಳಿದ್ದರು.

ಮುಲುಂಡಿನ ನಮ್ಮ ವಸತಿ ಸೊಸೈಟಿಯಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಮರಾಠಿಯವರಿಗೂ ಕಾಕಾ, ಗುಜರಾತಿಯವರಿಗೂ ಕಾಕಾ. ಉತ್ತರ ಕರ್ನಾಟಕ ಮೂಲದ ನನಗಂತೂ ಅದು ಚಿಕ್ಕಪ್ಪನನ್ನು ಕರೆಯುವ ಮನೆಯದೇ ಮಾತು. ಉಡುಪಿ ಕಡೆಯ ಅವರೊಬ್ಬರಿಗೆ ಮಾತ್ರ ಅದು ಹೊಂದಿರಲಿಲ್ಲ. "ಇಷ್ಟು ವರ್ಷ ಆಯ್ತು ಮಾರಾಯ್ತಿ, ಈಗಲೂ ಯಾರಾದ್ರೂ ಕಾಕಾ ಅಂದ್ರೆ ಕಿಟಕಿಯಲ್ಲಿ ಕಾಗೆ ಕೂತಿದೆಯಾ ಅಂತ ನೋಡ್ತೇನೆ" ಎನ್ನುತ್ತಿದ್ದರು. ಫೋರ್ಟಿನ ಹಡಗು ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಹಳೆಯದಾಯಿತು, ಇನ್ನು ಇದರಲ್ಲಿ ಏನೂ ನಡೆಯುವುದಿಲ್ಲ ಎಂದು ಜನ ಕೈಬಿಟ್ಟ ಕಂಪ್ಯೂಟರುಗಳಿಗೆ ವಿಂಡೋಸಿನ ಬದಲು ಲಿನಕ್ಸ್ ಹಾಕಿಸಿ ಮತ್ತೆ ನಡೆಯುವಂತೆ ಮಾಡುವುದು ಅವರ ನಿವೃತ್ತಿಯ ಕೆಲಸ. ಲಿನಕ್ಸ್ ಹಗುರ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು. ನಮ್ಮ ಬಿಲ್ಡಿಂಗಿನ ಯಾವುದೇ ಲ್ಯಾಪ್‌ಟಾಪು ಗುಜರಿಗೆ ಹೋಗುವ ಮೊದಲು ಒಂದು ಸಲ ಕಾಕಾನ ಮುಂದೆ ಹಾಯ್ದೇ ಹೋಗಬೇಕು. ಆದರೆ ಯಾರದ್ದನ್ನೂ ಅವರು ಮುಟ್ಟಿದ್ದಿಲ್ಲ. ಅದು ಅವರ ತತ್ವ ಎಂದು ಎಲ್ಲರೂ ಗೌರವದಿಂದ ಹೇಳುತ್ತಿದ್ದರು.

ನಾನು ಕುರ್ಲಾದ ಚಾಳಿನ ಒಂದೇ ಕೋಣೆಯ ಮನೆಯಲ್ಲಿ ಹುಟ್ಟಿದವಳು. ಅಪ್ಪ ವೆಲ್ಡಿಂಗ್ ಅಂಗಡಿಯಲ್ಲಿ ದುಡಿದು ಕಣ್ಣು ಕಳೆದುಕೊಂಡು ತೀರಿಕೊಂಡ. ಅವ್ವನದು ಇವತ್ತಿಗೂ ಹೆಬ್ಬೆಟ್ಟು. ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲು ಕಂಡವಳು ನಾನೇ ಮೊದಲು, ಪದವಿ ತಂದವಳೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮುಲುಂಡಿನಲ್ಲಿ ಬಾಡಿಗೆಗೆ ಮನೆ ಹಿಡಿದಾಗ ಸಾಮಾನು ಇಳಿಸುವ ಮೊದಲೇ ಬಾಗಿಲಿಗೆ ಹೆಸರಿನ ಫಲಕ ಹೊಡೆಸಿದೆ, ಹೆಸರಿನ ಮುಂದೆ "ಬಿ.ಕಾಂ." ಎಂದು ಬರೆಸಿ. ಅವ್ವ ಓದಲು ಬಾರದಿದ್ದರೂ ದಿನಾ ಅದನ್ನು ಸೆರಗಿನಿಂದ ಒರೆಸುತ್ತಾಳೆ.

ಆದರೆ ಆ ಫಲಕದ ಹಿಂದೆ ನಾನು ಹೇಗಿದ್ದೆ ಎಂಬುದನ್ನೂ ಹೇಳಬೇಕು. ಹತ್ತನೆಯವರೆಗೆ ಮುನ್ಸಿಪಾಲಿಟಿಯ ಕನ್ನಡ ಶಾಲೆ, ಆಮೇಲೆ ಒಮ್ಮೆಲೇ ಇಂಗ್ಲಿಷ್ ಕಾಲೇಜು. ಪ್ರೊಫೆಸರು "ಅಂಡರ್‌ಸ್ಟುಡ್?" ಎಂದಾಗ ಬೆಂಚಿನವರೆಲ್ಲ ತಲೆ ಆಡಿಸಿದರು, ನಾನೂ ಆಡಿಸಿದೆ. ಆವತ್ತು ಆಡಿಸಿದ ತಲೆ ಆಮೇಲೆ ನಿಲ್ಲಲೇ ಇಲ್ಲ. ಆಫೀಸಿನಲ್ಲಿ ಸಾಹೇಬರು ಏನು ಹೇಳಿದರೂ ಹೂಂ, ಬ್ಯಾಂಕಿನಲ್ಲಿ ಹೂಂ, ಡಾಕ್ಟರ ಹತ್ತಿರ ಹೂಂ. ಇವಳಿಗೆ ಗೊತ್ತಿಲ್ಲ ಎಂಬುದು ಒಮ್ಮೆ ಹೊರಬಿದ್ದರೆ ಪದವಿಯನ್ನೂ ಮನೆಯನ್ನೂ ಕಿತ್ತುಕೊಂಡು ನನ್ನನ್ನು ಚಾಳಿಗೆ ವಾಪಸ್ ಕಳಿಸುತ್ತಾರೆ ಎಂಬಂಥ ಭಯ. ಯಾರೂ ಹಾಗೆ ಕಳಿಸುವುದಿಲ್ಲ ಎಂದು ಬುದ್ಧಿಗೆ ಗೊತ್ತಿತ್ತು. ಮನಸ್ಸಿಗೆ ಗೊತ್ತಿರಲಿಲ್ಲ.

ಅಂಚೆ ಮೂಲಕ ಎಂ.ಕಾಂ. ಕಟ್ಟಿದ್ದೆ. ಅದರ ನೋಟ್ಸೆಲ್ಲ ಇದ್ದದ್ದು ಲ್ಯಾಮಿಂಗ್ಟನ್ ರೋಡಿನಿಂದ ತಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ. ಹಳೆಯ ವಿಂಡೋಸು, ಹೊಸದು ಇದರಲ್ಲಿ ಕೂರುವುದಿಲ್ಲ. ಬಟನ್ ಒತ್ತಿ, ಅನ್ನಕ್ಕೆ ಇಟ್ಟು ಬಂದರೂ ಅದು ಇನ್ನೂ ಕಣ್ಣು ಬಿಡುತ್ತಿರಲಿಲ್ಲ. ಕಾಕಾನನ್ನು ಕೇಳಬಹುದಿತ್ತು. ಬಿ.ಕಾಂ. ಆದವಳು ಹೇಗೆ ಕೇಳಲಿ?

ಒಂದು ದಿನ ಲಿಫ್ಟಿನಲ್ಲಿ ಅವ್ವನೇ ಬಾಯಿಬಿಟ್ಟಳು.

"ನಮ್ಮಾಕಿ ಕಂಪ್ಯೂಟರ ಕೆಟ್ಟು ಕುಂತೈತ್ರಿ ಕಾಕಾ. ಏನ್ ಓದ್ಯಾಳೋ ಏನೋ, ಒಂದು ಡಬ್ಬಿ ಚಾಲೂ ಮಾಡಾಕ ಬರವಲ್ದು."

"ಕೆಟ್ಟಿಲ್ಲ ಸುಮ್ನಿರವ್ವಾ. ಸ್ಲೋ ಆಗೇತ್ರಿ, ಅಷ್ಟ" ಎಂದೆ. ಲಿಫ್ಟಿನ ಕನ್ನಡಿಯಲ್ಲಿ ನನ್ನ ಕಿವಿ ಕೆಂಪಾಗಿದ್ದು ನನಗೇ ಕಾಣುತ್ತಿತ್ತು.

"ಸ್ಲೋ ಆದದ್ದಾ? ಹಾಗಾದ್ರೆ ಅದು ನನ್ನ ಪೈಕಿಯದ್ದು" ಎಂದರು ಕಾಕಾ. "ಭಾನುವಾರ ಬರ್ತೇನೆ."

ಭಾನುವಾರ ಬಂದವರು ಬಾಗಿಲಲ್ಲೇ ನಿಂತು ಫಲಕವನ್ನು ಗಟ್ಟಿಯಾಗಿ ಓದಿದರು, ಬಿ.ಕಾಂ. ಸಮೇತ. ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಮಾಡುತ್ತಿರಲಿಲ್ಲ. ಒಳಗೆ ನಾನು ಹೊಸ ಸೋಫಾದ ಮೇಲೆ ಹೊಸ ಹೊದಿಕೆ ಹಾಸಿಟ್ಟಿದ್ದೆ. ಮೂಲೆಯಲ್ಲಿ ಬಟ್ಟೆ ಹೇರಿ ಮರೆಮಾಡಿದ್ದ ಚಾಳಿನ ಕಾಲದ ಕುರ್ಚಿಯನ್ನು ಅವರ ಕಣ್ಣು ಹುಡುಕಿಬಿಟ್ಟಿತು. ಅಪ್ಪ ತಾನೇ ಕಬ್ಬಿಣದ ಕಾಲು ಬೆಸೆದು, ಅವ್ವ ಪ್ಲಾಸ್ಟಿಕ್ ವಯರು ಹೆಣೆದ ಕುರ್ಚಿ. "ಇದು ಒಳ್ಳೆದುಂಟು, ಇದನ್ನು ಎಳಿ" ಎಂದರು. ನಾನು ನಾಚಿಕೆಯಿಂದ ಬಟ್ಟೆ ಸರಿಸಿದೆ. ಅವರು ಕೂತರು, ಕೈಗಳ ಮೇಲೆ.

ಅವ್ವ ಹೂವಿನ ಚಿತ್ರದ ಕಪ್-ಬಸಿ ತೆಗೆದು ತುಂಬ ಚಾ ಹಾಕಿ ತಂದಳು. "ಬೇಡಮ್ಮ, ಕುಡಿದು ಬಂದೆ" ಎಂದರು. ಮುಂದಿನ ಭಾನುವಾರವೂ ಕುಡಿದು ಬಂದಿದ್ದರು. ಅದರ ಮುಂದಿನ ಸಲ ಅವರು ಹೋದ ಮೇಲೆ ಅವ್ವ ಆರಿದ ಚಾವನ್ನು ಮೋರಿಗೆ ಚೆಲ್ಲುತ್ತ ಅಂದಳು: "ದಿನಾ ಕುಡುದು ಬರ್ತಾರಂತ. ನಮ್ಮ ಮನೀ ಚಾ ಅವರಿಗೆ ನಡಿಯಂಗಿಲ್ಲ, ತಿಳ್ಕೊ."

"ಹಂಗೇನಿಲ್ಲವ್ವಾ" ಎಂದೆ. ಆದರೆ ನಾನೂ ಅದನ್ನೇ ತಿಳಿದುಕೊಂಡಿದ್ದೆ. ಚಾಳಿನವರು ಎಷ್ಟು ಮೇಲೆ ಬಂದರೂ ಚಾಳಿನವರೇ ಎಂದು ಒಳಗೆ ಕುಟುಕುತ್ತಿತ್ತು.

ಕಲಿಸುವುದರಲ್ಲಿ ಮಾತ್ರ ಅವರಷ್ಟು ತಾಳ್ಮೆಯವರನ್ನು ನಾನು ಯಾವ ಕಾಲೇಜಿನಲ್ಲೂ ಕಾಣಲಿಲ್ಲ. "ಹಾಕುದಕ್ಕೆ ಅವಸರ ಮಾಡ್ಬೇಡ" ಎನ್ನುತ್ತಿದ್ದರು. "ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡ್ತದೆ, ಒಳಗಿದ್ದದ್ದನ್ನು ಮುಟ್ಟುದಿಲ್ಲ. ಬಾಡಿಗೆ ಮನೆ ನೋಡ್ಲಿಕ್ಕೆ ಹೋದ ಹಾಗೆ. ನಲ್ಲಿ ತಿರುಗಿಸಿ ನೋಡು, ಫ್ಯಾನ್ ಹಾಕಿ ನೋಡು. ವೈಫೈ ಬರ್ತದಾ, ಸೌಂಡ್ ಬರ್ತದಾ, ಕನ್ನಡ ಹೊಡೀಲಿಕ್ಕೆ ಆಗ್ತದಾ? ಇಷ್ಟ ಆಗ್ಲಿಲ್ವಾ, ಪೆನ್‌ಡ್ರೈವ್ ಕಿತ್ತು ಹೊರಗೆ ಬಾ. ಡಿಪಾಸಿಟ್ ಗಿಪಾಸಿಟ್ ಎಂತ ಇಲ್ಲ."

ಲಿನಕ್ಸಿನಲ್ಲಿ ಹತ್ತಾರು ಬಗೆ ಇದೆಯಲ್ಲ, ಯಾವುದು ಒಳ್ಳೆಯದು ಎಂದು ಕೇಳಿದ್ದಕ್ಕೆ, "ಹೆಚ್ಚು ಜನ ಹಾಕಿದ್ದನ್ನೇ ಹಾಕು" ಎಂದರು. "ನೀನು ಬೀಳುವ ಹೊಂಡದಲ್ಲಿ ನಿನಗಿಂತ ಮೊದಲೇ ಬಿದ್ದವರು ಬೇಕು. ಇಲ್ಲದಿದ್ರೆ ಕೇಳುದು ಯಾರನ್ನು?"

ಪೆನ್‌ಡ್ರೈವಿನಿಂದ ಓಡಿಸಿದಾಗ ವೈಫೈ ಕಾಣಿಸಲೇ ಇಲ್ಲ.

"ಏನಾಯ್ತು?" ಎಂದರು.

"ಬರವಲ್ದ್ರಿ."

"ಬರವಲ್ದು ಅಂದ್ರೆ? ಡಾಕ್ಟರ ಹತ್ರ ಹೋಗಿ ನೋವು ಅಂತ ಮಾತ್ರ ಹೇಳಿ ಸುಮ್ಮನೆ ಕೂತ ಹಾಗಾಯ್ತು. ಮೂರು ಮಾತು ಹೇಳ್ಬೇಕು. ಎಂತ ಮಾಡ್ಲಿಕ್ಕೆ ಹೊರಟೆ, ಎಂತ ಒತ್ತಿದೆ, ಎಂತ ಬಂತು. ಲಿನಕ್ಸ್ ಹಾಕಿದವರಿಗೆ ಇದು ಬಂದ್ರೆ ಸಾಕು, ಉಳಿದದ್ದು ಬೇರೆಯವರು ಹೇಳಿಕೊಡ್ತಾರೆ."

ನಾನು ಮೂರು ಮಾತು ಹೇಳಿದೆ. ಫೋನನ್ನು ಕೇಬಲ್ಲಿನಿಂದ ಸಿಕ್ಕಿಸಿ ಅದರ ನೆಟ್ ಕೊಡಲು ಹೇಳಿದರು. ನೆಟ್ ಸಿಕ್ಕಿದ ಮೇಲೆ ವೈಫೈಗೆ ಬೇಕಾದ ಡ್ರೈವರನ್ನು ಅದೇ ಹುಡುಕಿಕೊಂಡಿತು. ಯಾಕೆ ಹಾಗಾಯಿತೆಂದು ವಿವರಿಸುತ್ತಿದ್ದರು, ನಾನು ಎಂದಿನಂತೆ "ಹೂಂ, ಹೂಂನ್ರಿ" ಎನ್ನುತ್ತಿದ್ದೆ.

ತಟ್ಟನೆ ನಿಲ್ಲಿಸಿದರು. "ನಿನ್ನ ಭಾಷೆ ನಂಗೀಗ ಗೊತ್ತಾಯ್ತು. 'ಹೂಂ' ಅಂದ್ರೆ ಅರ್ಧ ಅರ್ಥ ಆಗಿಲ್ಲ. 'ಹೂಂನ್ರಿ' ಅಂದ್ರೆ ಎಂತದೂ ಅರ್ಥ ಆಗಿಲ್ಲ."

ಒಳಗಿನಿಂದ ಅವ್ವ ಜೋರಾಗಿ ನಕ್ಕಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಹೊರಗಿನ ಬೋರ್ಡು ಇರ್ಲಿ, ಕಷ್ಟಪಟ್ಟು ತಂದದ್ದು" ಎಂದು ತಗ್ಗಿದ ದನಿಯಲ್ಲಿ ಸೇರಿಸಿದರು. "ಅದರ ಹಿಂದೆ ಅಡಗಿ ಕೂತ್ಕೊಳ್ಬೇಡ, ಅಷ್ಟೆ."

ಇಷ್ಟು ಹೇಳಿಸಿಕೊಂಡರೂ ನನ್ನ ಹೂಂ ನಿಲ್ಲಲಿಲ್ಲ. ನಿಜವಾಗಿ ಹಾಕುವ ಭಾನುವಾರ ಬಂತು. "ಎಲ್ಲ ಬೇರೆ ಕಡೆ ಕಾಪಿ ಮಾಡಿಟ್ಟಿದ್ದಿಯಾ?" ಎಂದರು. "ಹೂಂನ್ರಿ" ಎಂದೆ. ಡಿಸ್ಕನ್ನು ಪೂರ್ತಿ ಅಳಿಸಿ ಲಿನಕ್ಸ್ ಹಾಕಲೇ ಎಂದು ಪರದೆ ಇಂಗ್ಲಿಷಿನಲ್ಲಿ ಕೇಳಿತು. ಅದಕ್ಕೂ ಮನಸ್ಸಿನಲ್ಲೇ ಹೂಂ ಎಂದು ನಾನು ಎಂಟರಿನತ್ತ ಬೆರಳು ಒಯ್ದೆ.

"ಕಾಪಿ ಆಗ್ಲಿಕ್ಕೆ ಎಷ್ಟು ಹೊತ್ತು ಹಿಡೀತು?" ಎಂದು ಸುಮ್ಮನೆ ಮಾತಿಗೆಂಬಂತೆ ಕೇಳಿದರು.

"ಒತ್ತಿದ ಕೂಡ್ಲೇ ಆತ್ರಿ."

"ನಿಲ್ಲು!"

ಅವರ ಬಲಗೈ ತೊಡೆಯ ಕೆಳಗಿನಿಂದ ಚಿಮ್ಮಿ ಬಂದು ನನ್ನ ಬೆರಳಿಗೂ ಕೀಬೋರ್ಡಿಗೂ ನಡುವೆ ನಿಂತಿತು. ಯಾವುದನ್ನೂ ಮುಟ್ಟಲಿಲ್ಲ. ಗಾಳಿಯಲ್ಲಿ ನಿಂತು ಗಡಗಡ ನಡುಗಿತು. ಮರುಕ್ಷಣ ಅದನ್ನು ಒಳಗೆ ಎಳೆದುಕೊಂಡರು. ಅವರ ಮುಖ ಕಪ್ಪಿಟ್ಟಿತ್ತು.

ನಾನು ನಕಲು ತೆಗೆದಿದ್ದು ನೋಟ್ಸನ್ನಲ್ಲ. ಪರದೆಯ ಮೇಲಿದ್ದ ಶಾರ್ಟ್‌ಕಟ್ಟುಗಳನ್ನು, ಬರೀ ದಾರಿ ತೋರಿಸುವ ಚಿತ್ರಗಳನ್ನು. ಒತ್ತಿದ್ದರೆ ಎಂ.ಕಾಂ. ನೋಟ್ಸೆಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಕಾಕಾ ಅದನ್ನು ಒಂದೇ ಮಾತಿನಲ್ಲಿ ತಿಳಿಸಿ, "ಇವತ್ತು ಸಾಕು" ಎಂದು ಎದ್ದು, ಕೈಗಳನ್ನು ಜೇಬಿಗೆ ತುರುಕಿ ಹೊರಟೇಹೋದರು.

ಅಂಥ ಸಮಾಧಾನದ ಮನುಷ್ಯನನ್ನು ಕೈ ನಡುಗುವಷ್ಟು ಸಿಟ್ಟಿಗೆಬ್ಬಿಸಿದೆನಲ್ಲ ಎಂದು ನಾನು ಕುಸಿದುಬಿಟ್ಟೆ. ಗೊತ್ತಿಲ್ಲದಿದ್ದರೂ ಗೊತ್ತು ಎನ್ನುವ ಚಾಳಿನ ಹುಡುಗಿಯೊಬ್ಬಳಿಗಾಗಿ ಅವರು ಭಾನುವಾರಗಳನ್ನು ಹಾಳುಮಾಡಿಕೊಂಡಿದ್ದರು. ಅಂದಿನಿಂದ ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದೆ. ಕೆಳಗೆ ಅವರ ಜುಬ್ಬ ಕಂಡರೆ ತಿರುಗಿ ಮೇಲೆ ಓಡುತ್ತಿದ್ದೆ. ಮುಂದಿನ ಭಾನುವಾರ ಅವರು ಬರಲಿಲ್ಲ, ನಾನೂ ಕರೆಯಲಿಲ್ಲ.

ಆದರೆ ಹಟ ಬಿಡಲಿಲ್ಲ. ನೋಟ್ಸನ್ನು ಸರಿಯಾಗಿ ನಕಲು ತೆಗೆದು, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಒಂದು ರಜೆಯ ಮಧ್ಯಾಹ್ನ ನಾನೇ ಕೂತು ಹಾಕಿದೆ. ಲಿನಕ್ಸ್ ಎದ್ದು ನಿಂತಿತು. ಕನ್ನಡ ಟೈಪಿಂಗಿಗಾಗಿ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಕಾಕಾ ಹೇಳಿಕೊಟ್ಟಿದ್ದ ಸಾಲು ಹೊಡೆದೆ. ಅದು ಪಾಸ್‌ವರ್ಡ್ ಕೇಳಿತು. ಹೊಡೆದರೆ ಏನೂ ಮೂಡಲಿಲ್ಲ, ಒಂದು ಚುಕ್ಕೆಯೂ ಇಲ್ಲ. ಗಟ್ಟಿಯಾಗಿ ಕುಟ್ಟಿದೆ. ಕೀಬೋರ್ಡು ಸತ್ತಿತು, ಇದನ್ನೂ ನಾನೇ ಕೊಂದೆ ಎಂದುಕೊಂಡೆ. ಮೇಲಿನ ಮಹಡಿಯ ಕಾಕಾನ ಮನೆಗೆ ಹೋಗಿ ಕೇಳಲು ಧೈರ್ಯ ಬರಲಿಲ್ಲ.

ಲಿನಕ್ಸ್ ಬಳಸುವ ಕನ್ನಡಿಗರ ಒಂದು ಆನ್‌ಲೈನ್ ಬಳಗವನ್ನು ಕಾಕಾ ತೋರಿಸಿದ್ದರ ನೆನಪಾಯಿತು. ಅಲ್ಲಿ ದಿನವೂ ಹೊಸಬರಿಗೆ ಉತ್ತರ ಬರೆಯುತ್ತಿದ್ದದ್ದು ಅವರೇ. ಫೋನಿನಿಂದ, ಬೇರೆ ಹೆಸರಿನಲ್ಲಿ, ಮೂರು ಮಾತು ಬರೆದೆ: ಏನು ಮಾಡಲು ಹೊರಟೆ, ಏನು ಒತ್ತಿದೆ, ಏನಾಯಿತು. ಸ್ವಲ್ಪ ಹೊತ್ತಿಗೆ ಅವರದೇ ಉತ್ತರ ಬಂತು. "ಪಾಸ್‌ವರ್ಡ್ ಕಾಣುವುದಿಲ್ಲ, ಆದರೆ ಹೋಗುತ್ತಿದೆ. ಕಾಣದಿದ್ದರೂ ನಂಬಿ ಪೂರ್ತಿ ಹೊಡೆದು ಎಂಟರ್ ಒತ್ತಿ." ಅಲ್ಲಲ್ಲಿ ಅಕ್ಷರಗಳು ಎರಡೆರಡು, ಮೂರು ಮೂರು ಬಿದ್ದಿದ್ದವು. ಬೇಸರದಲ್ಲಿ ತಿದ್ದದೆ ಹಾಕಿದ್ದಾರೆ ಎಂದುಕೊಂಡೆ. ಒತ್ತಿದೆ, ಆಯಿತು. ಗೆದ್ದೆ. ಆದರೆ ಆ ಗೆಲುವನ್ನು ಹೇಳಿಕೊಳ್ಳಲು ಬಿಲ್ಡಿಂಗಿನಲ್ಲಿ ಇದ್ದ ಒಬ್ಬರೇ ಮನುಷ್ಯರಿಂದ ನಾನು ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದೆ.

ದೀಪಾವಳಿ ರಜೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಕಾಲಿಂಗ್ ಬೆಲ್ ಬಿಡುವಿಲ್ಲದೆ ಟಿಂಗ್ ಟಿಂಗ್ ಟಿಂಗ್ ಎಂದು ಹೊಡೆದುಕೊಂಡಿತು.

"ಯಾವನಪಾ ಇಂವ, ಇಷ್ಟ ಅವಸರದಾಂವ!" ಎನ್ನುತ್ತ ಅವ್ವ ಬಾಗಿಲು ತೆಗೆದಳು. ಕಾಕಾ ನಿಂತಿದ್ದರು, ಕೈಗಳು ಜೇಬಿನಲ್ಲಿ.

ಒಳಗೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಕೈಗಳು ತೊಡೆಯ ಕೆಳಗೆ ಹೋದವು. ನಾನು ಗೋಡೆಗೆ ಆನಿಕೊಂಡು ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ನೆಲ ನೋಡುತ್ತ, ಪಾಠ ಒಪ್ಪಿಸುವವರ ಹಾಗೆ ಶುರು ಮಾಡಿದರು.

"ಎಂತ ಮಾಡ್ಲಿಕ್ಕೆ ಹೊರಟೆ ಅಂದ್ರೆ, ನನ್ನ ಕಂಪ್ಯೂಟರ್ ಓಪನ್ ಮಾಡ್ಲಿಕ್ಕೆ. ಎಂತ ಒತ್ತಿದೆ ಅಂದ್ರೆ, ನನ್ನ ಪಾಸ್‌ವರ್ಡ್. ಎಂತ ಬಂತು ಅಂದ್ರೆ..."

ಎರಡೂ ಕೈಗಳನ್ನು ಹೊರಗೆ ತೆಗೆದು ಮಂಡಿಯ ಮೇಲಿಟ್ಟರು.

"ಇದು ಬಂತು."

ಕೈಗಳು ನಡುಗುತ್ತಿದ್ದವು. ಸಿಟ್ಟಿಲ್ಲ, ಅವಸರವಿಲ್ಲ. ಸುಮ್ಮನೆ ಇಟ್ಟಲ್ಲೇ, ಲೋಕಲ್ ರೈಲು ಹಾಯ್ದು ಹೋಗುವಾಗ ಚಾಳಿನ ಗಿಲಾಸುಗಳು ನಡುಗುತ್ತಿದ್ದ ಹಾಗೆ. ಅಂಗೈಯಲ್ಲಿ ಆಗಷ್ಟೇ ಬಿದ್ದ ಹೆಣಿಗೆಯ ಅಚ್ಚು.

"ಒಂದು ಅಕ್ಷರ ಒತ್ತಿದ್ರೆ ಎರಡು ಬೀಳ್ತದೆ, ಮೂರು ಬೀಳ್ತದೆ. ಇಷ್ಟು ದಿನ ಹೇಗೋ ಅಳಿಸಿ ಅಳಿಸಿ ಬರೀತಿದ್ದೆ. ಪಾಸ್‌ವರ್ಡಲ್ಲಿ ಎಲ್ಲಿ ಬಿತ್ತು ಅಂತ ಹೇಗೆ ಗೊತ್ತಾಗುದು? ಬೆಳಿಗ್ಗೆಯಿಂದ ನನ್ನ ಮನೆಯ ಬಾಗಿಲಲ್ಲಿ ನಾನೇ ಹೊರಗೆ ನಿಂತಿದ್ದೇನೆ. ಬಳಗದಲ್ಲಿ ಜನ ಕಾಯ್ತಿರ್ತಾರೆ. ಅಲ್ಲಿ ನನ್ನ ಕೈ ಯಾರಿಗೂ ಕಾಣುದಿಲ್ಲ ಮಾರಾಯ್ತಿ. ಅಲ್ಲಿ ಮಾತ್ರ ನಾನು ಇನ್ನೂ ಸರಿಯಾಗಿ ಇದ್ದದ್ದು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಅವ್ವ ಬಂದಳು, ಹೂವಿನ ಕಪ್-ಬಸಿಯಲ್ಲ, ಅಪ್ಪ ನೀರು ಕುಡಿಯುತ್ತಿದ್ದ ದೊಡ್ಡ ಸ್ಟೀಲ್ ಲೋಟ ಹಿಡಿದು. ತಳದಲ್ಲಿ ಸ್ವಲ್ಪವೇ ಚಾ.

"ಅರ್ಧಾನ ಹಾಕೀನ್ರಿ. ಚೆಲ್ಲಿದ್ರ ಚೆಲ್ಲಲಿ, ಒರಸಾಕ ನಾ ಇದ್ದೀನಿ. ಇವತ್ತ ಕುಡದು ಬಂದೀನಿ ಅಂತ ಹೇಳಬ್ಯಾಡ್ರಿ ಮತ್ತ."

ಕಾಕಾ ಎರಡೂ ಕೈಗಳಿಂದ ಲೋಟ ಹಿಡಿದರು. ಅದು ಹಲ್ಲಿಗೆ ತಾಗಿ ಕಟಕಟ ಎಂದಿತು. ಪೂರ್ತಿ ಕುಡಿದರು. "ಶುಂಠಿ ಹಾಕಿದ್ದೀರಾ?" ಎಂದರು. "ದಿನಾ ಹಾಕತಿದ್ನಿರಿ, ನೀವ ಕುಡೀಲಿಲ್ಲ" ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಆ ಹೊತ್ತು ಅನುಭವಿಸಿದ ನಾಚಿಕೆಗೆ ಅದಕ್ಕೂ ಮೊದಲಿನ ಯಾವ ನಾಚಿಕೆಯೂ ಸಮವಲ್ಲ. ಅವರು ಕುಡಿಯದ ಚಾ, ನಡುಗಿದ ಕೈ, ಎರಡೆರಡು ಬಿದ್ದ ಅಕ್ಷರ, ಎಲ್ಲವೂ ನನ್ನ ಕುರಿತೇ ಎಂದು ಓದಿಕೊಂಡಿದ್ದೆ. ನನ್ನ ನಾಚಿಕೆ ಎಷ್ಟು ಜಾಗ ಹಿಡಿದಿತ್ತೆಂದರೆ, ಪಕ್ಕದ ಕುರ್ಚಿಯಲ್ಲೇ ಕೂತ ಇನ್ನೊಬ್ಬರ ನಾಚಿಕೆಗೆ ನನ್ನ ಕಣ್ಣಲ್ಲಿ ಜಾಗವಿರಲಿಲ್ಲ.

ಅವರ ಜೊತೆ ಮೇಲೆ ಹೋದೆ. ಕಾಕು, ಅಂದರೆ ಅವರ ಹೆಂಡತಿ, ಮಲಾಡಿನ ಮಗಳ ಮನೆಗೆ ಹೋಗಿದ್ದರು. ಮೇಜಿನ ಮೇಲೆ ಕಂಪ್ಯೂಟರು ಪಾಸ್‌ವರ್ಡಿಗಾಗಿ ಕಾಯುತ್ತಿತ್ತು. ಪರದೆಯ ಮೂಲೆಯತ್ತ ಗಲ್ಲದಿಂದ ತೋರಿಸಿದರು.

"ಅಲ್ಲಿ ಒಂದು ಗೊಂಬೆ ಉಂಟು ನೋಡು, ಕೈ ಚಾಚಿ ನಿಂತದ್ದು. ಕಣ್ಣು ಕಾಣದವರಿಗೆ, ಕೈ ಸರಿ ಇಲ್ಲದವರಿಗೆ ಅಂತ ಇಟ್ಟದ್ದು. ಅದನ್ನು ಒತ್ತಿದ್ರೆ ಒಳಗೆ ಒಂದು ಸೆಟ್ಟಿಂಗ್ ಉಂಟು. ಒಂದೇ ಕೀ ಬೇಗ ಬೇಗ ಎರಡು ಸಲ ಬಿದ್ರೆ ಎರಡನೆಯದನ್ನು ಬಿಟ್ಟುಬಿಡ್ತದೆ. ಎಷ್ಟೋ ಜನರಿಗೆ ನಾನೇ ಬರೆದು ತಿಳಿಸಿದ್ದೇನೆ."

"ಮತ್ತ ಒತ್ತರಿ. ಮೌಸ್ ನಿಲ್ಲಂಗಿಲ್ಲೇನ್ರಿ?"

"ಮೌಸ್ ಹೇಗಾದ್ರೂ ಅಲ್ಲಿಗೆ ಹೋಗ್ತದೆ. ಮನಸ್ಸು ಹೋಗುದಿಲ್ಲ." ನನ್ನ ಕಡೆ ತಿರುಗಿದರು. "ಮೇಲಿನ ಮಹಡಿಯಲ್ಲಿ ಐಟಿ ಹುಡುಗರು ಬೇಕಾದಷ್ಟು ಇದ್ದಾರೆ. ಅವರಿಗೆ ಎಲ್ಲ ಗೊತ್ತುಂಟು, ನಾಚಿಕೆ ಗೊತ್ತಿಲ್ಲ. ನಿನಗೆ ಗೊತ್ತುಂಟು. ಅದಕ್ಕೇ ನಿನ್ನ ಹತ್ರ ಬಂದದ್ದು. ಹೇಳಿಕೊಡ್ಲಿಕ್ಕೆ ಅಲ್ಲ. ಪಕ್ಕದಲ್ಲಿ ಕೂರ್ಲಿಕ್ಕೆ."

ಕೂತೆ. ಅವರು ಮೌಸ್ ಹಿಡಿದರು. ಬಾಣ ಪರದೆಯ ಮೇಲೆ ನೊಣದ ಹಾಗೆ ಹಾರಾಡಿತು. ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಒಂದು ಕ್ಲಿಕ್ಕಿನ ಕೆಲಸ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದೆ.

ಅವರು ಓರೆಗಣ್ಣಿನಲ್ಲಿ ಅದನ್ನು ನೋಡಿದರು. "ಕಷ್ಟ ಉಂಟಲ್ಲ, ಸುಮ್ಮನೆ ಕೂರುದು?"

"ಭಾಳ ಕಷ್ಟ ಐತ್ರಿ."

ಗೊಂಬೆಯ ಮೇಲೆ ಬಾಣ ಬಂತು, ಜಾರಿತು, ಮತ್ತೆ ಬಂತು. ಒತ್ತಿದರು. ಪಟ್ಟಿ ಬಿಚ್ಚಿತು, ಬೇಕಾದದ್ದನ್ನು ಆರಿಸಿದರು. ಆಮೇಲೆ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ನಿಧಾನವಾಗಿ ಹೊಡೆದು ಎಂಟರ್ ಒತ್ತಿದರು. ಬಾಗಿಲು ತೆರೆಯಿತು. ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

"ಆ ಭಾನುವಾರ ನಿಮಗ ನನ್ನ ಮ್ಯಾಲ ಸಿಟ್ಟು ಬಂದು ಕೈ ನಡುಗಿತು ಅಂತ ತಿಳ್ಕೊಂಡಿದ್ನಿರಿ" ಎಂದೆ.

ಕಣ್ಣು ಬಿಟ್ಟರು. "ಸಿಟ್ಟಾ? ನೀನು ಕೈ ನೋಡಿಬಿಟ್ಟೆ ಅಂತ ನಾನು ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಹೋಗ್ತಿದ್ದೆ."

"ನಾನೂ ಮೆಟ್ಟಲಾಗ ಹೋಗ್ತಿದ್ನಿರಿ!"

"ಅದಕ್ಕೇ ದಿನಾ ಜುಬ್ಬ ನೋಡಿ ಒಂದು ಹುಡುಗಿ ಮೇಲೆ ಓಡುದು!" ಎಂದು ಕೆಮ್ಮು ಬರುವಷ್ಟು ನಕ್ಕರು. "ಮತ್ತೆ ಬಳಗದಲ್ಲಿ ಸುಳ್ಳು ಹೆಸರು ಹಾಕಿದ್ದು ಯಾಕೆ? ನಾನು ಹೇಳಿಕೊಟ್ಟ ಮೂರು ಮಾತು ಬರೆದು, ಕೀಬೋರ್ಡ್ ಸತ್ತೈತ್ರಿ ಅಂತ ನೀನಲ್ಲದೆ ಬೇರೆ ಯಾರು ಬರೀತಾರೆ?"

ಕೈಗಳ ಮೇಲೆ ಕೂರುವುದು ಕಲಿಸುವ ರೀತಿಯೇ, ಮುಚ್ಚಿಡುವ ರೀತಿಯೇ ಎಂದು ಇನ್ನೊಮ್ಮೆ ಕೇಳಿದ್ದೆ. "ಶುರು ಮಾಡಿದ್ದು ನಾಚಿಕೆಗೆ" ಎಂದರು. "ಆಮೇಲೆ ನೋಡ್ತೇನೆ, ನಾನು ಮುಟ್ಟದಿದ್ರೆ ಜನ ಕಲೀತಾರೆ. ಹಾಗೆ ಎರಡೂ ಒಟ್ಟಿಗೆ ನಡೀತು." ಆ ದೀಪಾವಳಿಯ ನಂತರ ಬಳಗದಲ್ಲಿ ಹೊಸಬರಿಗೆ ಅವರು ಬರೆಯುತ್ತಿದ್ದ ಸಲಹೆಯ ಮೊದಲ ಸಾಲು ಬದಲಾಯಿತು: "ನನ್ನ ಕೈ ನಡುಗುತ್ತದೆ, ಆದ್ದರಿಂದ ಉತ್ತರ ತಡವಾಗಿ ಬರುತ್ತದೆ. ನೀವೂ ನಿಧಾನವಾಗಿ ಕೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ." ನಮ್ಮ ಮನೆಗೆ ಬಂದರೆ ಅರ್ಧ ಲೋಟ ಚಾ ಕುಡಿಯದೆ ಏಳುತ್ತಿರಲಿಲ್ಲ. ನಾನು ಎಂ.ಕಾಂ. ಮುಗಿಸಿದಾಗ ಫಲಕ ಬದಲಿಸು ಎಂದು ಬೆನ್ನುಬಿದ್ದು, ಬದಲಿಸಿದ ಮೇಲೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿದವರು ಮರಳಲಿಲ್ಲ. ಕೊನೆಯ ಸಲ ನೋಡಲು ಹೋದಾಗ ಕೈಗಳು ಚಾದರದ ಮೇಲೆ ಇದ್ದವು, ಮುಚ್ಚಿರಲಿಲ್ಲ.

ಶ್ರಾದ್ಧವೆಲ್ಲ ಮುಗಿದ ಮೇಲೆ ಕಾಕು ಒಂದು ಭಾನುವಾರ ನನ್ನನ್ನು ಕರೆದರು. "ಅವರ ಕಂಪ್ಯೂಟರ್ ನನಗೆ ಕಲಿಸ್ತಿಯಾ? ಊರಿನ ಅಕ್ಕನಿಗೆ ಕಾಗದ ಬರೀಬೇಕು. ಅವರಿರುವಾಗ ಕೇಳ್ಲಿಕ್ಕೆ ನಾಚಿಕೆ ಆಗ್ತಿತ್ತು." ಅವರನ್ನು ಪರದೆಯ ಮುಂದೆ ಕೂರಿಸಿ, ನಾನು ಪಕ್ಕದಲ್ಲಿ ಕೈಗಳ ಮೇಲೆ ಕೂತೆ. ಒಂದೊಂದು ಅಕ್ಷರ ಎಲ್ಲಿದೆ ಎಂದು ಬಾಯಲ್ಲೇ ಹೇಳಿಕೊಟ್ಟೆ. ಸ್ವಲ್ಪ ಹೊತ್ತಿಗೆ ಕಾಕು ಮುಖ ಗಂಟಿಕ್ಕಿದರು.

"ಇದು ನನ್ನ ಅಕ್ಷರ ನುಂಗ್ತದೆ ಮಾರಾಯ್ತಿ. 'ಅಕ್ಕ' ಅಂತ ಹೊಡೀಲಿಕ್ಕೆ ಇಂಗ್ಲಿಷಿನ 'ಕೆ' ಎರಡು ಸಲ ಒತ್ತಿದ್ರೂ ಒಂದೇ 'ಕ' ಬರ್ತದೆ. ಕೆಟ್ಟಿದೆಯಾ?"

"ಕೆಟ್ಟಿಲ್ರಿ ಕಾಕು. ಅದು ಕಾಕಾನ ಕೈಗೆ ಅಂತ ಇಟ್ಟಿದ್ದು. ಬ್ಯಾಡಾದ್ರ ಆ ಗೊಂಬಿ ಒತ್ತಿ ತಗದು ಬಿಡಬಹುದು."

ಕಾಕು ಮೌಸಿನ ಮೇಲೆ ಕೈಯಿಟ್ಟು ಆ ಗೊಂಬೆಯನ್ನೇ ನೋಡುತ್ತ ಕೂತರು. ಆಮೇಲೆ ಕೈ ತೆಗೆದರು.

"ಇರಲಿ ಬಿಡು. ನಾನೇ ನಿಧಾನ ಒತ್ತುತ್ತೇನೆ."

ಒಂದು ಸಲ ಒತ್ತಿದರು. ಕಾದರು. ಮತ್ತೊಂದು ಸಲ ಒತ್ತಿದರು. ಪರದೆಯ ಮೇಲೆ "ಅಕ್ಕ" ಎಂದು ಪೂರ್ತಿಯಾಗಿ ಮೂಡಿತು. ನನ್ನ ಕಣ್ಣು ತುಂಬಿ ಹರಿಯುತ್ತಿತ್ತು. ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ.